ಕಾಗೆ ತಂದ ವರದಿ

ಕುರಿಮಂದೆಗೆ ಕಾವಲು ನಾಯಿ ಬೇಕಾಗಿದೆ ಎಂದು ಕೇಳಿ, ಬೀದಿನಾಯಿಯಾದ ನಾನೂ ಹೋಗಿ ನಿಂತೆ. ಊರೂರು ಸುತ್ತಿ ಪಾದ ಸವೆದಿದ್ದವು. ಒಂದೇ ಕಡೆ ದಿನಾ ಮುದ್ದೆ ಸಿಗುವ ಕೆಲಸ ನನಗೆ ಬೇಕೇ ಬೇಕಿತ್ತು.

ಮಂದೆಯ ಹಿರಿಯ ಕುರಿ ಬೋರಮ್ಮ ಕೇಳಿದಳು: "ಏನು ಓದಿದ್ದೀಯಪ್ಪ?"

"ಗುಡ್ಡದಾಚೆಯ ಕಾವಲು ಶಾಲೆಯಲ್ಲಿ ಪೂರ್ತಿ ಮೂರು ವರ್ಷ, ಬೋರಮ್ಮನವರೇ. ಫಸ್ಟ್ ಕ್ಲಾಸ್."

ನಿಜಕ್ಕೂ ನಾನು ಅಲ್ಲಿದ್ದದ್ದು ಮೂರು ದಿನ.

"ಸರ್ಟಿಫಿಕೇಟು?"

"ಹೊಳೆ ದಾಟುವಾಗ ನೀರುಪಾಲಾಯಿತು."

"ಪರವಾಗಿಲ್ಲ, ಕಾಗೆಯನ್ನು ಕಳಿಸಿ ವಿಚಾರಿಸುತ್ತೇನೆ. ಹೋದ ವರ್ಷ ಬಂದವನ ಮಾತು ನಂಬಿ ಎರಡು ಮರಿ ಕಳಕೊಂಡಿದ್ದೇವೆ. ಅಲ್ಲಿಯವರೆಗೆ ಕೂತಿರು."

ಸಂಜೆಗೆ ಕಾಗೆ ಬಂತು. "ಮೇಷ್ಟ್ರು ಹೇಳಿದರು: ಹುಡುಗ ಬೊಗಳುವುದರಲ್ಲಿ ಜಾಣ. ಮೂರನೇ ದಿನ ರಸ್ತೆಯಲ್ಲಿ ಬೈಕೊಂದು ಹೋಯಿತು. ಅದರ ಹಿಂದೆ ಓಡಿದವನು ಇನ್ನೂ ವಾಪಸ್ ಬಂದಿಲ್ಲ. ಬಂದಾನು ಅಂತ ಹಾಜರಿ ಪುಸ್ತಕದಲ್ಲಿ ಹೆಸರು ಹಾಗೇ ಇಟ್ಟಿದ್ದಾರಂತೆ."

ಮಂದೆಯೆಲ್ಲ ನನ್ನನ್ನೇ ನೋಡಿತು. ನಾನು ಎದೆ ಸೆಟೆಸಿ ನಿಂತೆ. "ಅದೆಲ್ಲ ಹುಡುಗಾಟದ ವಯಸ್ಸು, ಬೋರಮ್ಮನವರೇ. ಈಗ ನಾನು ನಿಂತ ಜಾಗ ಬಿಟ್ಟು ಕದಲುವವನೇ ಅಲ್ಲ. ಬೇಕಾದರೆ..."

ಅಷ್ಟರಲ್ಲಿ ಕೆಳಗಿನ ರಸ್ತೆಯಲ್ಲಿ ಒಂದು ಬೈಕು ಹೋಯಿತು.

ಓಡುತ್ತಿದ್ದ ನನಗೆ ಮೈಮೇಲೆ ಎಚ್ಚರ ಬಂದಾಗ ಮಂದೆ ಬೆನ್ನ ಹಿಂದೆ ಚುಕ್ಕೆಯಾಗಿತ್ತು. ತಲೆಯ ಮೇಲೆ ಕಾಗೆ ಹಾರುತ್ತಾ ಬರುತ್ತಿತ್ತು. "ಲೋ, ಮೇಷ್ಟ್ರಿಗೆ ಏನಾದರೂ ಹೇಳಬೇಕೇನೋ?"

"ನಮಸ್ಕಾರ ಹೇಳು," ಎಂದೆ, ಓಡುತ್ತಲೇ. "ಇನ್ನು ಹೆಸರು ಹೊಡೆದುಹಾಕಬಹುದು ಅನ್ನು."