ನಡುಹೊಳೆಯ ಹರಿಗೋಲು

ವಿಮಲಾಕ್ಷಿಯ ಚೀಲದಲ್ಲಿ ಎರಡು ಕ್ಯಾಮೆರಾಗಳಿದ್ದವು. ಒಂದು ರೀಲಿನದು, ಇನ್ನೊಂದು ಡಿಜಿಟಲ್. ಮರುದಿನ ಹೊಸ ಸೇತುವೆ ತೆರೆಯುವುದಿತ್ತು. ಅಂಬಿಗ ಹುಲಿಗೆಪ್ಪನ ಹರಿಗೋಲಿಗೆ ಅದೇ ಕೊನೆಯ ಸಂಜೆ. ಮುಸ್ಸಂಜೆಯ ಬೆಳಕಿನಲ್ಲಿ ಒಂದು ಫೋಟೊ ಬೇಕೆಂದು ಅವಳು ಕೇಳಿಕೊಂಡಿದ್ದಳು. ಅದಕ್ಕೆ ಅವನು ನಡುಹೊಳೆಯಲ್ಲಿ ಹುಟ್ಟು ಹಾಕುತ್ತ, ಸೆಳವಿಗೆ ತಿರುಗಿಹೋಗುವ ಹರಿಗೋಲನ್ನು ಒಂದೇ ಕಡೆ ಹಿಡಿದು ನಿಲ್ಲಿಸಿದ.

ದಡದಲ್ಲಿ ನಿಂತಿದ್ದ ಅವಳು ಡಿಜಿಟಲ್ ಕ್ಯಾಮೆರಾವನ್ನು ಎತ್ತಿಕೊಂಡಾಗ ರೀಲಿನ ಕ್ಯಾಮೆರಾ ಹೇಳಿತು: "ಅದನ್ನು ನಂಬಬೇಡಿ. ಅದು ಕತ್ತಲನ್ನು ತಪ್ಪೆಂದು ತಿಳಿದು ತಿದ್ದುತ್ತದೆ. ಮುಸ್ಸಂಜೆಯನ್ನು ಮಧ್ಯಾಹ್ನ ಮಾಡಿಬಿಡುತ್ತದೆ."

ಅವಳು ಅದನ್ನಿಟ್ಟು ರೀಲಿನದನ್ನು ಕೈಗೆ ತೆಗೆದುಕೊಂಡಳು. ಡಿಜಿಟಲ್ ಸುಮ್ಮನಿರಲಿಲ್ಲ. "ಅದರಲ್ಲಿ ಚಿತ್ರ ಬಂತೋ ಇಲ್ಲವೋ ಎಂದು ರೀಲು ತೊಳೆಸಿದ ಮೇಲೆ ತಾನೆ ಗೊತ್ತಾಗುವುದು? ಆಗ ಈ ಹರಿಗೋಲನ್ನು ಎಲ್ಲಿಂದ ತರುತ್ತೀರಿ?"

ಅವಳು ಮತ್ತೆ ಕೈ ಬದಲಿಸಿದಳು.

"ನನ್ನಲ್ಲಿ ಬಿದ್ದ ನೆರಳಿಗೆ ಆಳವಿದೆ," ಎಂದಿತು ರೀಲಿನದು.

"ನನ್ನಲ್ಲಿ ಬಿದ್ದದ್ದು ಈಗಲೇ ಕಣ್ಣಿಗೆ ಕಾಣುತ್ತದೆ," ಎಂದಿತು ಡಿಜಿಟಲ್.

ಎರಡೂ ಹೇಳಿದ್ದು ನಿಜವೇ. ಆದರೆ ಅವಳು ತಲೆಯೆತ್ತಿ ನೋಡುವಷ್ಟರಲ್ಲಿ ಹೊಳೆಯೂ ಹರಿಗೋಲೂ ಒಂದೇ ಕಪ್ಪಾಗಿದ್ದವು.

ಕತ್ತಲೊಳಗಿಂದ ಹುಲಿಗೆಪ್ಪ ಕೇಳಿದ: "ತಗದ್ರೇನ್ರಿ ಅಕ್ಕಾರ? ರಟ್ಟಿ ಸೋತು ಬಂದಾವ್ರಿ."

ಅವಳು ಎರಡೂ ಕ್ಯಾಮೆರಾಗಳನ್ನು ಚೀಲಕ್ಕೆ ಹಾಕಿದಳು.

"ತೆಗೆದೆ," ಎಂದಳು ವಿಮಲಾಕ್ಷಿ.

"ಹಂಗಾರ ನನಗೂ ಒಂದು ಕೊಡ್ರಿ. ನಮ್ಮ ಮನ್ಯಾಗ ನಂದೊಂದೂ ಫೋಟೊ ಇಲ್ಲ," ಎನ್ನುತ್ತ ಅವನು ಹರಿಗೋಲನ್ನು ದಡಕ್ಕೆ ತಿರುಗಿಸಿದ.