ಮೋಡದ ಹಳೇ ವಿಳಾಸ

ಪೈಲಟ್ ಮೇದಪ್ಪನ ಪುಟ್ಟ ವಿಮಾನಕ್ಕೆ ಹೊಸ ಕಂಪ್ಯೂಟರ್ ಪರದೆ ಬಂದಮೇಲೆ ಎದುರಿನ ಹಳೇ ಗಾಜನ್ನು ಕೇಳುವವರೇ ಇಲ್ಲವಾದರು. ಬೇರೆ ವಿಮಾನ, ಬೆಟ್ಟ, ಮೋಡ ಎಲ್ಲವನ್ನೂ ಪರದೆಯೇ ತೋರಿಸುತ್ತಿತ್ತು. ಮೇದಪ್ಪ ಅದರಿಂದ ಕಣ್ಣು ಕೀಳುತ್ತಿರಲಿಲ್ಲ. ಗಾಜಿಗೆ ಹೊಟ್ಟೆ ಉರಿಯುತ್ತಿತ್ತು.

ಒಂದು ದಿನ ಕರಿಮೋಡವೊಂದು ದಾರಿಗೆ ಅಡ್ಡ ನಿಂತಿತು.

"ಸ್ವಾಮಿ, ಮೋಡ ಎದುರಿಗೇ ಇದೆ!" ಎಂದಿತು ಗಾಜು.

"ಸಾಧ್ಯವೇ ಇಲ್ಲ. ನನಗೆ ನೆಲದಿಂದ ಬಂದ ಚಿತ್ರದ ಪ್ರಕಾರ ಅದು ಬೆಟ್ಟದ ಆಚೆಗಿದೆ," ಎಂದಿತು ಪರದೆ.

ಮೋಡವೇ ಬಾಯಿಬಿಟ್ಟಿತು: "ಆ ಚಿತ್ರ ತೆಗೆದಾಗ ಅಲ್ಲಿದ್ದೆ, ಅಣ್ಣ. ಆಮೇಲೆ ಗಾಳಿ ಇಲ್ಲಿಗೆ ತಂದಿತು."

"ಹಾಗಾದರೆ ಹೊಸ ಚಿತ್ರ ಬರುವವರೆಗೆ ಬೆಟ್ಟದಾಚೆಯೇ ಇರು!"

ಮೋಡಕ್ಕೆ ನಗು ತಡೆಯಲಾಗದೆ ಆಲಿಕಲ್ಲು ಉದುರಿತು. ಗಾಜು ಬಿರುಕುಬಿಟ್ಟ ಸದ್ದಿಗೆ ಮೇದಪ್ಪ ತಲೆಯೆತ್ತಿ ನೋಡಿ, ಬೆಚ್ಚಿಬಿದ್ದು, ವಿಮಾನವನ್ನು ಹಿಂದಕ್ಕೆ ತಿರುಗಿಸಿದ. ಬಿಸಿಲಿಗೆ ಬಂದಮೇಲೆ ಪರದೆಯಲ್ಲಿ ಹೊಸ ಚಿತ್ರ ಮೂಡಿತು. ಅವರು ಬಿಟ್ಟುಬಂದ ಜಾಗದಲ್ಲಿ ಕರಿಮೋಡ!

"ಎಂಥ ಜಾಗದಿಂದ ಪಾರುಮಾಡಿದೆ, ಮಾರಾಯ!" ಎಂದು ಮೇದಪ್ಪ ಪರದೆಯನ್ನು ಸವರಿದ.

ಮರುದಿನ ಒಡೆದ ಗಾಜನ್ನು ಕಳಚಿ ಮೂಲೆಗೊರಗಿಸಿ, ಹೊಸದನ್ನು ಕೂರಿಸಿದರು. ಮೂಲೆಯವರೆಗೂ ಕೇಳುವಂತೆ ಪರದೆ ಹೊಸ ಗಾಜಿಗೆ ಬುದ್ಧಿ ಹೇಳಿತು:

"ಎದುರಿಗೆ ಕಂಡದ್ದನ್ನೆಲ್ಲ ನಂಬಿ ಕೂಗಾಡಬೇಡ, ಮರಿ. ನಿನ್ನ ಹಿಂದಿನವನು ಹಾಳಾದದ್ದೇ ಆ ಚಾಳಿಯಿಂದ."