ಎಂಟು ಸಲ ಸತ್ತ ಸಾಹುಕಾರ

ಹುಬ್ಬಳ್ಳಿಯ ಆಟಿಕೆ ವ್ಯಾಪಾರಿ ಮುರಿಗೆಪ್ಪ, ಬಲು ಕಠಿಣವೆಂದು ಹೆಸರಾದ ಒಂದು ವಿಡಿಯೋ ಗೇಮನ್ನು ತಾನು ಗೆದ್ದು ಮುಗಿಸಿದ್ದೇನೆಂದು ಊರೆಲ್ಲ ಹೇಳಿಕೊಂಡಿದ್ದ. ಅದನ್ನೇ ಮೇಜಿನ ಸುತ್ತ ಕೂತು, ದಾಳ ಉರುಳಿಸಿ, ಮಾಡುವುದನ್ನು ಬಾಯಲ್ಲಿ ಹೇಳಿ ಆಡುವ ಆಟವಾಗಿಸಲು ಗುಮಾಸ್ತನಿಗೆ ಅಪ್ಪಣೆಯಾಯಿತು.

"ಆಡೋರಿಗೆ ಕರುಣಾ ತೋರಿಸಬ್ಯಾಡ. ಒಂದು ಏಟಿಗೆ ಒಂದು ಸಾವು. ಸಡಿಲ ಬಿಟ್ಟಿ ಅಂದ್ರ ಸೋಮವಾರದಿಂದ ಕೆಲಸಕ್ಕ ಬರಬ್ಯಾಡ."

"ಆತ್ರೀ ಸಾವ್ಕಾರ್ರ," ಎಂದ ಗುಮಾಸ್ತ.

ಸತ್ತು ಸುಮ್ಮನೆ ಕೂರುವ ಆಟವನ್ನು ಯಾರು ಕೊಳ್ಳುತ್ತಾರೆ? ಅವನು ಒಂದೇಟನ್ನೂ ಸಡಿಲಿಸದೆ ಒಂದು ನಿಯಮ ಸೇರಿಸಿದ. ಸತ್ತವರು ತಾವು ಸತ್ತದ್ದು ಹೇಗೆಂದು ಚೀಟಿಯಲ್ಲಿ ಬರೆದಿಡಬೇಕು. ಮುಂದಿನವರು ಅದನ್ನು ಓದಬಹುದು.

ಅಂಗಡಿಕಾರರು ಆಟ ನೋಡಲು ಬಂದ ದಿನ ಗುಮಾಸ್ತ ಮೊದಲು ಸಾಹುಕಾರನನ್ನೇ ಕೂರಿಸಿದ. ಆಟದೊಳಗೆ ಬಾಗಿಲು ಕಾಯುವ ರಾಕ್ಷಸನ ಕೊಡಲಿಗೆ ಸಾಹುಕಾರ ಸತ್ತ. ಚೀಟಿ ಬರೆದ. ಮೊದಲಿಂದ ಆಡಿದ, ಮತ್ತೆ ಸತ್ತ. ಎಂಟನೆಯ ಚೀಟಿಯ ಹೊತ್ತಿಗೆ ಕಿವಿ ಕಾದು, ಯಾರ ಮುಖವನ್ನೂ ನೋಡಲಾಗದೆ ದಾಳವನ್ನೇ ದಿಟ್ಟಿಸುತ್ತಿದ್ದ.

ಗದಗಿನ ಅಂಗಡಿಯಾಕೆ ಎಂಟೂ ಚೀಟಿ ಓದಿ ರಾಕ್ಷಸನನ್ನು ಕೆಡವಿದಳು. "ಛಲೋ ಕಲಿಸಿದ್ರಿ ಯಜಮಾನ್ರ," ಎಂದು ಇನ್ನೂರು ಪೆಟ್ಟಿಗೆಗೆ ಆರ್ಡರು ಕೊಟ್ಟಳು. ಆ ಹೊಗಳಿಕೆಗೆ ಸಾಹುಕಾರ ಇನ್ನಷ್ಟು ಕುಗ್ಗಿದ.

ಎಲ್ಲರೂ ಹೋದ ಮೇಲೆ ಗುಮಾಸ್ತನಿಗೆ ಮೆಲ್ಲಗೆ ಹೇಳಿದ: "ವಿಡಿಯೋ ಗೇಮಿನ್ಯಾಗೂ ಆ ಬಾಗಲಾ ನಾ ಎಂದೂ ದಾಟಿಲ್ಲೋ."

"ಗೊತ್ತಿತ್ರೀ."

"ಹೆಂಗ?"

"ರಾಕ್ಷಸ ಹೆಂಗ ಹೊಡೀತಾನ ಅಂತ ದಿನಾ ಹೇಳ್ತಿದ್ರಿ. ಹೆಂಗ ಬಿದ್ದ ಅಂತ ಒಮ್ಮೆನೂ ಹೇಳಲಿಲ್ಲ."